ಮಾವನ ಕರೆಂಟ್ ಒಲೆಗೆ ಐದು ಗಂಟು

ಮೊನ್ನೆ ಭಾನುವಾರ ಸುರಪುರದ ಮಾವನ ಮನೆಗೆ ನಾದಿನಿಯನ್ನು ನೋಡಲು ಶಹಾಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರು ಬರಲು ಇನ್ನೊಂದು ತಾಸು ಇದೆ ಅನ್ನುವಾಗ ಗ್ಯಾಸ್ ಖಾಲಿ!

ಶಿರಾ ಆಗಿತ್ತು. ಉಪ್ಪಿಟ್ಟು, ಮಿರ್ಚಿ ಭಜಿ, ಚಹಾ ಎಲ್ಲ ಬಾಕಿ. ಅತ್ತೆ ತಲೆ ಮೇಲೆ ಕೈ ಹೊತ್ತು ಕೂತರು.

ಹಿಂದೆ ಎರಡು ಸಂಬಂಧ ಮುರಿದಿದ್ದವು. ಈ ಸಲ ನಾದಿನಿಗೆ ಹುಡುಗನ ಫೋಟೋ ಬಹಳ ಹಿಡಿಸಿತ್ತು, ಹಾಗಾಗಿ ಎಲ್ಲರಿಗೂ ಒಳಗೊಳಗೇ ಪುಕಪುಕ.

ಮಾವ ಮಾತ್ರ ಖುಷಿಯಾಗಿಬಿಟ್ಟರು. ಅಟ್ಟದಿಂದ ತಮ್ಮ ಹಳೇ ಕರೆಂಟ್ ಒಲೆ ಇಳಿಸಿದರು... ಪಿಂಗಾಣಿ ತಟ್ಟೆಯಲ್ಲಿ ಸ್ಪ್ರಿಂಗಿನಂಥ ಕಾಯಿಲ್ ಇರುತ್ತದಲ್ಲ, ಅದು.

ಕಾಯಿಲ್ ಕಡಿದರೆ ಮಾವ ಹೊಸದು ತರುವವರಲ್ಲ. ಸುಟ್ಟಷ್ಟು ಭಾಗ ಕತ್ತರಿಸಿ ಎಸೆದು, ಉಳಿದ ತುದಿಗಳನ್ನು ಇಕ್ಕಳದಿಂದ ತಿರುವಿ ಗಂಟು ಹಾಕುತ್ತಾರೆ.

“ಐದ ಗಂಟ ಹಾಕೀನ್ರಿ ಅಳಿಯಂದ್ರ. ಗಂಟ ಬಿದ್ದಂಗೆಲ್ಲ ಒಲಿ ಇನ್ನಾ ಜೋರ ಕಾಯಾಕತ್ತೈತಿ!”

ನಾನು ಯಾದಗಿರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಇಂಥ ಮಾತು ಕೇಳಿ ಸುಮ್ಮನಿದ್ದರೆ ಉಂಡದ್ದು ಕರಗುವುದಿಲ್ಲ.

ಹತ್ತಿರ ಬೋರ್ಡ್ ಇರಲಿಲ್ಲ. ಭಜಿಗೆಂದು ಜರಡಿ ಹಿಡಿದಿದ್ದ ಕಡಲೆಹಿಟ್ಟಿನ ಅಗಲ ತಟ್ಟೆ, ಪರಾತ, ಇತ್ತು. ಅದರಲ್ಲೇ ಬೆರಳಿಂದ ಬರೆಯತೊಡಗಿದೆ.

ಒಲೆಯ ಮೇಲೆ ಬರೆದದ್ದು 230 ವೋಲ್ಟ್, 1000 ವ್ಯಾಟ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟ್ ಸುಮಾರು 4.35 ಆಂಪಿಯರ್. ವೋಲ್ಟನ್ನು ಆ ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಕಾಯಿಲ್ ಕರೆಂಟನ್ನು ತಡೆಯುವ ತಾಕತ್ತು, 53 ಓಮ್.

ಗಂಟು ಹಾಕಿ ಹಾಕಿ ಕಾಯಿಲ್ ಕಾಲುಭಾಗ ಗಿಡ್ಡಾಗಿದೆ. ಹಾಗಾದರೆ ರೋಧ 40 ಓಮ್. ಕರೆಂಟ್ 230 ಭಾಗಿಸು 40, ಅಂದರೆ 5.75 ಆಂಪಿಯರ್. ಅದನ್ನು 230ರಿಂದ ಗುಣಿಸಿದರೆ ಒಲೆ ಈಗ 1300 ವ್ಯಾಟ್ ದಾಟಿದೆ! ಮನೆಯ ಫ್ಯೂಸ್ ನೋಡಿದರೆ ಬರೀ 5 ಆಂಪಿಯರಿನದು.

“ಹಚ್ಚಿದ ಕೂಡ್ಲೆ ಫ್ಯೂಸ್ ಹೋಗ್ತದ ನೋಡ್ರಿ ಮಾವಾರ” ಎಂದೆ.

“ಮೊದ್ಲ ಹಿಟ್ಟಿನ್ಯಾಗಿಂದ ಕೈ ತಗೀರಿ” ಎಂದಳು ಹೆಂಡತಿ.

ಮಾವ ಸ್ವಿಚ್ ಒತ್ತಿದರು. ಕಾಯಿಲ್ ಕೆಂಪಗಾಯಿತು. ಫ್ಯೂಸ್ ಹೋಗಲಿಲ್ಲ.

ಉಪ್ಪಿಟ್ಟೂ ಆಯಿತು. ಮಾವ ನನ್ನ ಕಡೆ ನೋಡಿ ಮೀಸೆ ತಿರುವಿದರು. ನನ್ನ ಬಿ.ಎಡ್ ಮಣ್ಣುಪಾಲಾಯಿತು.

ಪಡಸಾಲೆಗೆ ಬಂದು ಮುಖ ಊದಿಸಿಕೊಂಡು ಕೂತಾಗ ಫ್ರಿಜ್ಜಿನ ಸ್ಟೆಬಿಲೈಜರ್ ಕಣ್ಣಿಗೆ ಬಿತ್ತು. ಮನೆಗೆ ಬರುತ್ತಿರುವ ವೋಲ್ಟೇಜ್ ಕೆಂಪು ಅಂಕಿಯಲ್ಲಿ... 170!

ಅಯ್ಯೋ, ನಾನು 230 ಹಿಡಿದು ಲೆಕ್ಕ ಹಾಕಿದ್ದೆ! 170 ಭಾಗಿಸು 40, ಬರೀ 4.25 ಆಂಪಿಯರ್. ಫ್ಯೂಸ್ ಯಾಕೆ ಹೋದೀತು? ಸೂತ್ರ ಸರಿ ಇತ್ತು, ಊರಿನ ವೋಲ್ಟೇಜ್ ಕೈಕೊಟ್ಟಿತ್ತು.

ಆಮೇಲೆ ಹೊಳೆಯಿತು. ನಾಲ್ಕಕ್ಕೆ ಹೊಲದ ಪಂಪ್‌ಸೆಟ್‌ಗಳ ಕರೆಂಟ್ ತೆಗೆಯುತ್ತಾರೆ, ಆಗ ಊರಿನ ವೋಲ್ಟೇಜ್ ಸರ್ರನೆ ಏರುತ್ತದೆ. ಬೀಗರು ಬರುವುದೂ ನಾಲ್ಕಕ್ಕೇ!

ಓಡಿಹೋಗಿ ಹೇಳಿದೆ. ಈಗ ಯಾರು ಕೇಳ್ತಾರೆ? ಅಷ್ಟರಲ್ಲಿ ಬೀಗರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

ಕೂಲರ್ ಹಚ್ಚಿದರು. ಒಳಗೆ ಮಿರ್ಚಿ ಎಣ್ಣೆಗೆ ಬಿತ್ತು. ನಾದಿನಿ ನೀರಿನ ತಂಬಿಗೆ ಹಿಡಿದು ಹೊರಗೆ ಬರುತ್ತಿದ್ದಾಳೆ, ನನ್ನ ಕಣ್ಣು ಸ್ಟೆಬಿಲೈಜರ್ ಮೇಲೆ... 185... 210... 230...

ಟಪ್!

ಕೂಲರ್ ನಿಂತಿತು, ಫ್ಯಾನ್ ನಿಂತಿತು, ಎಣ್ಣೆಯ ಸದ್ದೂ ಇಳಿಯತೊಡಗಿತು. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಖುಷಿಯೇ ಆಯಿತು. ನಾದಿನಿಯ ಮುಖ ನೋಡಿದ ಮೇಲೆ ಆ ಖುಷಿ ಇಳಿದುಹೋಯಿತು. ಪಾಪ, ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು.

ಹುಡುಗನ ತಂದೆ ಮೂಗು ಅರಳಿಸಿ ವಾಸನೆ ಹಿಡಿದರು. ಎದ್ದು ನೇರ ಅಡುಗೆಮನೆಗೇ ನುಗ್ಗಿದರು. ಮುಗಿಯಿತು ಕಥೆ ಎಂದುಕೊಂಡು ನಾವೆಲ್ಲ ಹಿಂದೆ ಓಡಿದೆವು.

ಅವರು ಪ್ಲಗ್ ಕಿತ್ತು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

“ಎಷ್ಟ ಗಂಟ್ರಿ ಇವು?”

“ಐದ್ರಿ...” ಮಾವ ನೆಲ ನೋಡುತ್ತ ಅಂದರು.

“ನಮ್ಮನಿ ಒಲಿಗಿ ಏಳ್ರಿ! ಗಂಟ ಬಿದ್ದಂಗೆಲ್ಲ ಜೋರ ಕಾಯ್ತೈತಿ, ಹೌದಿಲ್ಲೋ?”

ಮಾವ ಅವರ ಕೈ ಹಿಡಿದುಕೊಂಡುಬಿಟ್ಟರು.

ಬಾಗಿಲಲ್ಲಿ ನಿಂತ ಹುಡುಗ ತಲೆ ಚಚ್ಚಿಕೊಂಡು ನಾದಿನಿಯ ಕಡೆ ನೋಡಿದ. ಇಬ್ಬರೂ ಒಂದೇ ಕಷ್ಟದಲ್ಲಿ ಬೆಳೆದವರು. ಅವಳಿಗೆ ನಗು ತಡೆಯಲಾಗಲಿಲ್ಲ, ಅವನೂ ನಕ್ಕ.

ನಾನು ಏಳು ಗಂಟಿಗೆ ರೋಧ ಎಷ್ಟು ಎಂದು ಪರಾತದಲ್ಲಿ ಉಳಿದಿದ್ದ ಹಿಟ್ಟಿಗೆ ಮತ್ತೆ ಕೈ ಹಾಕಿದೆ. ಹುಡುಗನ ತಂದೆ ಕೇಳಿದರು: “ಮಾಸ್ತರ, ಅದೆಲ್ಲಾ ಖರೆ. ಭಜಿ ಯಾವಾಗ ಆಗ್ತಾವ?”

ಸಂಬಂಧ ಕೂಡಿತು. ಬಂದವರಿಗೆಲ್ಲ ಮಾವ ಈಗ ಹೇಳುತ್ತಿರುವುದು ಒಂದೇ ಮಾತು: “ಆರನೇ ಗಂಟ ಹಾಕೀನ್ರಿ. ಇದು ಮಾತ್ರ ಕಡಿಯೂದಿಲ್ಲ.”

ಮದುವೆಗೆ ಹೊಸ ಕಾಯಿಲ್ ಉಡುಗೊರೆ ಕೊಡೋಣ ಅಂತಿದ್ದೇನೆ... ಬೀಗರಿಬ್ಬರೂ ಸೇರಿ ನನ್ನನ್ನು ಹೊರಗೆ ಹಾಕುತ್ತಾರಾ, ಏನಂತೀರಿ?