ಕೊಕ್ಕೆ ಅಕ್ಕ ತನ್ನ ಕೋಡಿಗೇ ಹಾಕಿದ ಕೊಕ್ಕೆ

ಆಫೀಸಿನಲ್ಲಿ ಅವಳನ್ನು ಕರೆಯುವುದೇ ಕೊಕ್ಕೆ ಅಕ್ಕ ಎಂದು. ಎದುರಿಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಆಸ್ಪತ್ರೆಗಳಲ್ಲಿ ರೋಗಿಯ ನರಕ್ಕೆ ಹನಿಹನಿಯಾಗಿ ಔಷಧಿ ಇಳಿಸುವ ಪಂಪು ಮಾಡುವ ಸಣ್ಣ ಕಂಪನಿ ಅದು. ಪಂಪಿನೊಳಗಿನ ಸಾಫ್ಟ್‌ವೇರಿನಲ್ಲಿ ಮುಕ್ಕಾಲು ಪಾಲು ಕೋಡು ಯಾರ್ಯಾರೋ ಬರೆದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟದ್ದು. ಪುಕ್ಕಟೆ ಅಂದಮಾತ್ರಕ್ಕೆ ಷರತ್ತಿಲ್ಲವೇ? ಒಬ್ಬ ನನ್ನ ಹೆಸರು ಉಳಿಸಿ ಅನ್ನುತ್ತಾನೆ, ಇನ್ನೊಬ್ಬ ನೀವು ತಿದ್ದಿದ್ದನ್ನೂ ಎಲ್ಲರಿಗೂ ತೆರೆದಿಡಿ ಅನ್ನುತ್ತಾನೆ, ಮತ್ತೊಬ್ಬ ಏನೂ ಹೇಳದೆ ಕೈತೊಳೆದುಕೊಂಡಿರುತ್ತಾನೆ. ಒಂದೊಂದು ಫೈಲಿನ ಪರವಾನಗಿಯನ್ನೂ ಓದಿ, ಸರಿಯಿದ್ದರೆ ರಿಜಿಸ್ಟರಿನಲ್ಲಿ ಸಹಿ ಹಾಕುವುದು, ಅನುಮಾನ ಬಂದರೆ ಕಿತ್ತೆಸೆಯುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅವಳ ಸಹಿಯಿಲ್ಲದೆ ಒಂದು ಪಂಪೂ ಬಾಗಿಲು ದಾಟಿಲ್ಲ. ಅದರ ಹೆಮ್ಮೆ ಅವಳಿಗೆ ಚೆನ್ನಾಗಿಯೇ ಇದೆ. ಇರಲಿ ಬಿಡಿ, ಇರಬೇಕಾದ್ದೇ.

ಹೊಸ ಪಂಪು ಸೋಮವಾರ ಹೊರಡಬೇಕಿತ್ತು. ಗುರುವಾರ ಮಧ್ಯಾಹ್ನ ಅವಳು ಹನಿ ಎಣಿಸುವ ಫೈಲನ್ನು ತೆರೆದಳು. ಮೇಲೆ ಪರವಾನಗಿ ಅಂತ ಇದ್ದದ್ದು ಒಂದೇ ಸಾಲು: "ಬೇಕಾದವರು ತಗೊಳ್ಳಿ, ನನ್ನ ಕೇಳಬೇಡಿ." ಕೆಳಗೆ ಬರೆದವರ ಅಡ್ಡಹೆಸರು, ಗುಬ್ಬಿ.

ಅವಳು ಆ ಹೆಸರನ್ನು ಎರಡು ಸಲ ಓದಿದಳು. ಗುಬ್ಬಿ ಅವಳೇ! ಇಪ್ಪತ್ತು ವರ್ಷದ ಹಿಂದೆ, ಮೊದಲ ಕೆಲಸದಲ್ಲಿದ್ದಾಗ, ಊಟದ ಬಿಡುವಿನಲ್ಲಿ ಬರೆದು ಹುಮ್ಮಸ್ಸಿನಲ್ಲಿ ಹಂಚಿದ್ದ ಕೋಡು. ಅವಳು ಜನ್ಮದಲ್ಲಿ ಬರೆದದ್ದರಲ್ಲೆಲ್ಲ ಒಳ್ಳೆಯದು.

ಕಂಪನಿಯ ಯಜಮಾನರಿಗೆ ವಿಷಯ ತಿಳಿದು ನಗುವೋ ನಗು. "ಮಗಳ ಮದುವೆಗೆ ಅಮ್ಮನೇ ಒಪ್ಪಿದ ಮೇಲೆ ಇನ್ನೇನು? ಹಾಕಮ್ಮ ಸಹಿ!"

"ಹೆತ್ತಿದ್ದು ನಾನೇ ಸರ್. ಆದ್ರೆ ಮಗಳು ನನ್ನೋಳು ಹೌದೋ ಅಲ್ವೋ, ಅದೇ ಗೊತ್ತಿಲ್ಲ. ಕೆಲಸದಲ್ಲಿರೋವಾಗ ಬರೆದಿದ್ದೆಲ್ಲ ಕಂಪನಿಗೆ ಅಂತ ಆಗ ಸಹಿ ಹಾಕಿಕೊಟ್ಟಿದ್ದೆ. ಊಟದ ಬಿಡುವೂ ಅದರಲ್ಲಿ ಸೇರುತ್ತಾ? ಹತ್ತು ವಕೀಲರನ್ನ ಕೇಳಿದ್ರೆ ಹತ್ತು ಥರ ಹೇಳ್ತಾರೆ. ಆ ಕಂಪನಿ ಮುಚ್ಚಿ ಯಾರ ಕೈಗೆ ಹೋಯ್ತೋ ಏನೋ."

"ಬೇರೆಯವರ ಕೋಡಾಗಿದ್ರೆ ಏನ್ ಮಾಡ್ತಿದ್ರಿ?"

"ಮುಲಾಜಿಲ್ಲದೆ ಕಿತ್ತು ಹಾಕ್ತಿದ್ದೆ."

ಹೇಳಿದ ಮೇಲೆ ತಾನು ಹೇಳಿದ್ದು ಅವಳಿಗೇ ಕೇಳಿಸಿತು. ಗುಬ್ಬಿಯ ಫೈಲನ್ನು ಪಂಪಿನಿಂದ ಕಿತ್ತಳು; ಸೋಮವಾರದೊಳಗೆ ಹೊಸದನ್ನು ಬರೆಸಬೇಕು.

ಇಂಥ ಹೊತ್ತಿಗೆ ಅವಳೇ ಮಾಡಿಟ್ಟ ಒಂದು ಕಟ್ಟಳೆ ಇತ್ತು. ನಕಲು ನುಸುಳಬಾರದೆಂದು, ಹಳೆಯ ಕೋಡು ನೋಡಿದವರು ಹೊಸದನ್ನು ಬರೆಯುವಂತಿಲ್ಲ. ಏನು ಮಾಡಬೇಕು ಎಂಬುದನ್ನಷ್ಟೇ ಅವರು ಕಾಗದದಲ್ಲಿ ಬರೆಯಬೇಕು, ಹೇಗೆ ಎಂಬುದನ್ನು ಇನ್ನೊಬ್ಬರು ಬೇರೆ ಕೋಣೆಯಲ್ಲಿ ಕೂತು ಕಂಡುಕೊಳ್ಳಬೇಕು. ಮಾತುಕತೆ ಬಂದ್, ಚೀಟಿ ಮಾತ್ರ. ಬರೆಯಲು ಸಿಕ್ಕವನು ಮೌನಿ. ದಿನಕ್ಕೆ ಮೂರು ಮಾತಾಡುವ, ಎರಡು ಮಕ್ಕಳ ತಂದೆಯಾದ ಪ್ರೋಗ್ರಾಮರ್.

ಶನಿವಾರ ಮೌನಿಯ ಚೀಟಿ ಬಂತು: "ಎರಡು ಹನಿ ಅಂಟಿಕೊಂಡು ಬಿದ್ದರೆ?" ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಗುಬ್ಬಿಯ ಜಾಣತನವೆಲ್ಲ ಇದ್ದದ್ದು ಅಲ್ಲೇ. ಒಂದು ಸಾಲು ಬರೆದುಕೊಟ್ಟರೆ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಪೆನ್ನು ಕಚ್ಚಿಕೊಂಡು ಕೂತಳು. ಕೊನೆಗೆ ಬರೆದದ್ದು ಇಷ್ಟೇ: "ಎರಡು ಎಂದೇ ಎಣಿಸಬೇಕು."

ಭಾನುವಾರ ಸಂಜೆ ಹೊಸ ಕೋಡು ಎಲ್ಲ ಪರೀಕ್ಷೆಯಲ್ಲೂ ಗೆದ್ದಿತು. ಅವಳದಕ್ಕಿಂತ ಅರ್ಧ ಚಿಕ್ಕದು, ಅಂಟಿದ ಹನಿಯನ್ನು ಅವಳದಕ್ಕಿಂತ ಚುರುಕಾಗಿ ಹಿಡಿಯುತ್ತಿತ್ತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು? ಆಮೇಲೆ ನಗು ಬಂತು.

"ಶಭಾಷ್ ಕಣಪ್ಪ," ಅಂದಳು.

"ಮೇಲ್ಗಡೆ ಏನ್ ಬರೀಲಿ?" ಅಂದ ಮೌನಿ.

ಅವಳು ಪಕ್ಕದಲ್ಲಿ ಕೂತು ಹೇಳಿ ಬರೆಸಿದಳು. ಇದು ಯಾರದು, ಕೊಡುತ್ತಿರುವವರು ಯಾರು, ಬಳಸಬಹುದೇ, ತಿದ್ದಬಹುದೇ, ಮಾರಬಹುದೇ, ಒಂದನ್ನೂ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಪಂಪುಗಳು ಗಾಡಿ ಹತ್ತುವ ಮೊದಲು ಅವಳು ರಿಜಿಸ್ಟರ್ ತೆರೆದು ಹೊಸ ಫೈಲಿಗೆ ಸಹಿ ಹಾಕಿದಳು. ಆಮೇಲೆ ಕಿತ್ತು ಹಾಕಿದವುಗಳ ಪುಟಕ್ಕೆ ಬಂದಳು. ಅಲ್ಲಿ ಹನ್ನೊಂದು ವರ್ಷದ ಪರರ ತಪ್ಪುಗಳು ಅವಳ ಕೈಬರಹದಲ್ಲೇ ಇದ್ದವು. ಕಾರಣದ ಜಾಗದಲ್ಲಿ "ಕೊಡುವ ಹಕ್ಕಿತ್ತೋ ಇಲ್ಲವೋ ಖಾತ್ರಿಯಿಲ್ಲ" ಎಂದು ಬರೆದಳು. ಬರೆದವರ ಜಾಗದಲ್ಲಿ ಗುಬ್ಬಿ ಎಂದು ಬರೆಯಹೊರಟವಳು ತಡೆದು, ತನ್ನ ಪೂರ್ತಿ ಹೆಸರನ್ನೇ ಬರೆದಳು.