ಲೈನ್ ಕ್ಲಿಯರ್ ಎಂಬ ಮಾತು

ಕಂಬ ಹತ್ತಿ ಹತ್ತಿ ಅವರ ಮೀನಖಂಡಗಳ ಒಳಬದಿಯಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಆ ಚರ್ಮ ಸಾಣೆ ಹಿಡಿದ ಕಲ್ಲಿನಂತೆ ಹೊಳೆಯುತ್ತಿತ್ತು. ರಾಯಲ್ಪಾಡಿನ ಕಡೆಯ ನಮ್ಮ ಊರಿಗೆ ಅವರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಲೈನ್‌ಮ್ಯಾನ್ ಆಗಿದ್ದರು. ಅವರು ಒಂದೆಡೆ ಕುಳಿತು ಕಾಫಿ ಮುಗಿಸಿದ್ದನ್ನು ನಾನು ಕಂಡೇ ಇಲ್ಲ. ನಮ್ಮ ಜಗಲಿಯಲ್ಲಿ ಕುಳಿತರೂ ಕಣ್ಣು ತಂತಿಯ ಮೇಲೆ. ಲೋಟ ಕೆಳಗಿಟ್ಟು ಎರಡು ಸಲವಾದರೂ ಬೀದಿಗಿಳಿದು ನೋಡಿ ಬರುತ್ತಿದ್ದರು.

ಸಂಸ್ಕೃತದ ಮೇಷ್ಟ್ರಾಗಿದ್ದು ನಿವೃತ್ತನಾಗಿ, ಗುಡಿಯ ಪೂಜೆ ನೋಡಿಕೊಳ್ಳುತ್ತಿದ್ದ ನನಗೆ ಮಾತಿನ ನಡುವೆ ಇಂಗ್ಲಿಷ್ ಬಂದರೆ ಅನ್ನದಲ್ಲಿ ಕಲ್ಲು ಸಿಕ್ಕಂತೆ. ಅವರಿಗೋ ಆ ಭಾಷೆಯ ಒಂದು ಪದದ ಮೇಲೆ ಭಕ್ತಿ. ಸಬ್‌ಸ್ಟೇಷನ್ನಿನವರು ಕರೆಂಟ್ ತೆಗೆದು, ಫೋನಿನಲ್ಲಿ "ಲೈನ್ ಕ್ಲಿಯರ್" ಎಂದ ಮೇಲೆಯೇ ಕಂಬ ಹತ್ತಬೇಕೆಂಬುದು ಅವರ ಕಸುಬಿನ ಕಟ್ಟಳೆ.

ಒಮ್ಮೆ ನಮ್ಮ ಜಗಲಿಗೆ ಬಂದಿದ್ದ ಟೊಮೇಟೊ ಲಾರಿಯ ಚಾಲಕನೊಬ್ಬ, ತನಗೆ 'ಡೈರೆಕ್ಟ್' ಎಂಬ ಪದವೇ ಇಷ್ಟ, ತೋಟದಿಂದ ನೇರ ಮಾರುಕಟ್ಟೆಗೆ, ನಡುವೆ ದಲ್ಲಾಳಿ ಕೈ ಹಾಕುವುದಿಲ್ಲವಲ್ಲ ಎಂದ. ಇವರು ಒಪ್ಪದೆ ತಲೆಯಾಡಿಸಿದರು.

"ನಂಗೆ 'ಕ್ಲಿಯರ್' ಕಣಪ್ಪಾ. ಅದು ಕೇಳಿದ್ರೆ ಮೈ ಹಗುರಾಗ್ತದೆ. ಅಂದೋನು ಆಮೇಲೆ ನುಣುಚ್ಕೊಳ್ಳೋ ಹಂಗಿಲ್ಲ. ನನ್ ಜೀವ ಅವನ ನಾಲಿಗೆ ಮೇಲಿರ್ತದೆ."

"ವಿದ್ಯುತ್ಪ್ರವಾಹ ಸ್ಥಗಿತವಾಗಿದೆ ಎನ್ನಬಹುದಲ್ಲಪ್ಪಾ?" ಎಂದೆ.

"ಅದೇಂ ಸಾಮಿ! ನೀವದನ್ನ ಹೇಳಿ ಮುಗಿಸೋಷ್ಟ್ರಲ್ಲಿ ನಾನು ಕಂಬ ಹತ್ತಿ, ಇಳಿದು, ಊಟಕ್ಕೆ ಕೂತಿರ್ತೀನಿ!"

ಒಂದು ಪ್ರದೋಷದ ಸಂಜೆ ಗಾಳಿಗೆ ಮುರಿದ ಮಾವಿನ ಕೊಂಬೆ ಗುಡಿಯ ಬಳಿಯ ತಂತಿಗೆ ಸಿಕ್ಕಿಕೊಂಡಿತು. ಪಂಪು ನಿಂತು ಅಭಿಷೇಕಕ್ಕೆ ನೀರಿಲ್ಲವಾಯಿತು. ಅವರ ಫೋನಿನ ಬ್ಯಾಟರಿ ಮುಗಿದಿತ್ತು. ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತ, ನನ್ನ ಫೋನಿನಿಂದ ಸಬ್‌ಸ್ಟೇಷನ್ನಿಗೆ ಕರೆ ಮಾಡಲು ಹೇಳಿದರು. ಆ ಕಡೆಯವನು, "ತೆಗೀತಾ ಇದೀನಿ ಸಾಮಿ, ಎರಡು ನಿಮಿಷ" ಎಂದ. ಇವರು ಮೇಲೆ ತಲುಪುವಷ್ಟರಲ್ಲಿ ಆ ಎರಡು ನಿಮಿಷ ಕಳೆದೇ ಹೋಗುವುದೆಂದು ನಾನು ಎಣಿಸಿದೆ. ಹೊತ್ತು ಇಳಿಯುತ್ತಿತ್ತು, ಪೂಜೆಯ ವೇಳೆ ಮೀರುವುದೆಂಬ ಚಡಪಡಿಕೆ ನನಗೆ.

"ಕ್ಲಿಯರ್ ಅಂತೆ," ಎಂದುಬಿಟ್ಟೆ.

ಕಂಬಕ್ಕೆ ಒಂದು ಕಾಲು ಕೊಟ್ಟಿದ್ದವರು ಹಾಗೆಯೇ ನಿಂತರು. "ಆ ಪದ ಅವನಂದ್ನಾ ಸಾಮಿ, ನೀವಂದ್ರಾ?"

ಅವರು ಬಂದು ಫೋನ್ ತೆಗೆದುಕೊಂಡು ತಾವೇ ಕೇಳಿದರು. "ಇನ್ನೂ ಇಲ್ಲ ಕಣಣ್ಣೋ! ಸ್ವಿಚ್ಚು ಹಿಡ್ಕೊಂಡ್‌ಬಿಟ್ಟದೆ, ಬರ್ತಾನೇ ಇಲ್ಲ. ಕೈ ಇಟ್ಟೀಯಾ, ಹುಷಾರು!" ಎಂಬ ದನಿ ನನಗೂ ಕೇಳಿಸಿತು.

ಬೈಯುವರೆಂದು ಕಾದೆ. "ಅದೊಂದು ಮಾತ್ರ ಇನ್ನೊಬ್ಬರ ಬದ್ಲಿಗೆ ಹೇಳ್ಬೇಡಿ ಸಾಮಿ," ಎಂದಷ್ಟೇ ಹೇಳಿ, ಆ ಮಾತು ಬರುವವರೆಗೆ ಕಂಬದ ಸುತ್ತ ಶತಪಥ ತಿರುಗಿ, ಬಂದ ಮೇಲೆ ಹತ್ತಿದರು. ಪ್ರದೋಷಕಾಲ ಮೀರಿ ನಡೆದ ಅಂದಿನ ಅಭಿಷೇಕದಲ್ಲಿ ನನಗೆ ಮಂತ್ರ ಮೂರು ಕಡೆ ತಪ್ಪಿತು.

ಕಳೆದ ಮಾಘದಲ್ಲಿ ಅವರು ಮೂತ್ರಪಿಂಡದ ಕಾಯಿಲೆಯಿಂದ ಮನೆಯಲ್ಲೇ ತೀರಿಕೊಂಡರು. ನಾನು ಹೋಗಿ, ವರ್ಷಗಟ್ಟಲೆ ಬಚ್ಚಿಟ್ಟಿದ್ದ ಆ ಸುಳ್ಳನ್ನು ಅವರ ಹೆಂಡತಿಗೆ ಒಪ್ಪಿಸಿದೆ.

"ಗೊತ್ತು ಸಾಮಿ," ಎಂದರು ಆಕೆ. "ಅವತ್ತೇ ಹೇಳಿದ್ರು. ಯಾರತ್ರಾನೂ ಅನ್ಬೇಡ ಕಣೇ, ಐನೋರ ಮಾತು ಊರು ನಂಬ್ತದೆ, ಅದು ಕೆಡಬಾರ್ದು ಅಂದ್ರು."

ಗುಡಿಯಲ್ಲಿ ನಾನು ಸತ್ಯವನ್ನು ಕುರಿತು ಉಪನ್ಯಾಸ ಮಾಡಿದಾಗಲೆಲ್ಲ ಆಕೆ ಮುಂದಿನ ಸಾಲಿನಲ್ಲಿ ಕೈಮುಗಿದು ಕುಳಿತಿರುತ್ತಿದ್ದರು. ಎಲ್ಲ ತಿಳಿದೂ ತಲೆದೂಗುತ್ತಿದ್ದರು. ಆ ಇಬ್ಬರೂ ಕಾಪಾಡಿಕೊಟ್ಟ ನಂಬಿಕೆಯನ್ನು ಇನ್ನು ನನ್ನ ಸುಳ್ಳನ್ನು ಮುಚ್ಚಿಟ್ಟು ಉಳಿಸಿಕೊಳ್ಳಲಾರೆ. ಊರಿನವರು ಓದಲೆಂದೇ ಇದನ್ನು ಬರೆದಿದ್ದೇನೆ.