ಐಸಕ್ಕ ಆರಿಸಿದ ಗೋಡೆ

ಹರೆಯದಿಂದ ನಿವೃತ್ತಿಯವರೆಗೆ ಆಕೆ ದುಡಿದದ್ದು ಮೀನಿನ ಶೀತಲಗೃಹದಲ್ಲಿ. ಜೊತೆಯವರ ಬಾಯಲ್ಲಿ ಆಕೆ ಐಸಕ್ಕ. ಬಿಡುವಿನ ಗಂಟೆ ಹೊಡೆದೊಡನೆ ಹೆಂಗಸರೆಲ್ಲ ಸ್ವೆಟರಿನಲ್ಲೇ ಹೊರಬಂದು, ಹಿಂಬದಿಯ ಗೋಡೆಗೆ ಬೆನ್ನು ಕೊಟ್ಟು ಬಿಸಿಲು ಕಾಯಿಸುತ್ತಿದ್ದರು. ಬೆನ್ನು ಬೆಚ್ಚಗಾಗುವಷ್ಟರಲ್ಲಿ ಮತ್ತೆ ಗಂಟೆ ಹೊಡೆಯುತ್ತಿತ್ತು.

ನಿವೃತ್ತಳಾದ ವಾರವೇ ಐಸಕ್ಕ ತನ್ನ ಉಳಿತಾಯದೊಂದಿಗೆ ಪ್ರವಾಸದ ಕಚೇರಿಗೆ ಹೋಗಿ, ಕೆರಿಬಿಯನ್ ದ್ವೀಪವೊಂದನ್ನು ಆರಿಸಲು ಕುಳಿತಳು. ತಡೆಯಲೆಂದು ಅಣ್ಣ ಬೆನ್ನಿಗೇ ಬಂದ. ಅದುವರೆಗೆ ಅವಳಿಗಾಗಿ ಎಲ್ಲವನ್ನೂ ಆರಿಸಿದವನು ಅವನೇ, ಆ ಶೀತಲಗೃಹವನ್ನೂ.

"ಬಿಸಿಲು ಕಾಯ್ಸೋಕೆ ಸಮುದ್ರ ದಾಟ್ಬೇಕೇನೇ? ನಮ್ಮನೆ ತಾರಸಿ ಸಾಲ್ದಾ?"

"ತಾರಸಿ ಮೇಲೆ ಕೂತ ತಕ್ಷಣ ಅತ್ತಿಗೆ ಕೂಗ್ತಾರೆ, ಅಣ್ಣಾ. ಅದೂ ಗಂಟೆನೇ."

ಏಜೆಂಟ್ ಉತ್ಸಾಹದಿಂದ ಚಿತ್ರಗಳನ್ನು ಹರಡಿದ. "ಬಾರ್ಬಡೋಸ್ ನೋಡಿ ಅಮ್ಮಾ. ದೊಡ್ಡ ಹೋಟ್ಲು, ಫುಲ್ ಏಸಿ. ರೂಮು ಹಿಮದ ಥರ ಇರುತ್ತೆ!"

"ಹಿಮಕ್ಕೆ ನಾನು ದುಡ್ಡು ಕೊಡ್ಬೇಕಾ? ಅದ್ರೊಳಗಿರೋಕೆ ನಂಗೇ ಸಂಬಳ ಕೊಡ್ತಿದ್ರು, ಕಣಪ್ಪಾ."

ಜಮೈಕಾ, ಸೇಂಟ್ ಲೂಸಿಯಾಗಳ ಹವಾನಿಯಂತ್ರಿತ ಕೋಣೆಗಳನ್ನೂ ಆಕೆ ಪಕ್ಕಕ್ಕೆ ಸರಿಸಿದಳು. ಕೊನೆಗೆ ಟೊಬೇಗೊದ ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಅದರಲ್ಲಿದ್ದದ್ದು ಏಸಿ ಇಲ್ಲದ ಪುಟ್ಟ ಮನೆ. ಅದರ ಮುಂದೆ, ಕಡಲಿಗೆ ಮುಖಮಾಡಿ, ಬಿಸಿಲು ತುಂಬಿದ ಒಂದು ಮೋಟುಗೋಡೆ.

"ಅಲ್ಲೇನಿದೆ ಮಣ್ಣು? ಬರೀ ಗೋಡೆ!" ಎಂದು ಅಣ್ಣ ಸಿಡುಕಿದ. "ಆಯ್ತು, ಹಟ ಹಿಡಿದಿದ್ದೀಯ. ಜೊತೆಗೆ ನಾನೂ ಬರ್ತೀನಿ."

"ನೀನು ಬಂದ್ರೆ 'ಸಾಕು, ಏಳು' ಅಂತೀಯ," ಎಂದ ಐಸಕ್ಕ ಏಜೆಂಟನ ಕಡೆ ತಿರುಗಿದಳು. "ಒಂದೇ ಟಿಕೆಟ್ ಮಾಡಪ್ಪಾ. ಬೆನ್ನು ಸಾಕು ಅನ್ನೋವರೆಗೂ ನಾನು ಆ ಗೋಡೆ ಬಿಟ್ಟು ಏಳಲ್ಲ."